ಕೈಗೆ ಸಿಗುವ ತುರುಬು

ಬಿ.ಎ. ಆಪ್ಷನಲ್ ಇಂಗ್ಲಿಷ್, ಹನ್ನೊಂದೇ ಜನರ ತರಗತಿ. ಮಾರ್ಚ್ ತಿಂಗಳ ಮಧ್ಯಾಹ್ನ, ಕರೆಂಟ್ ಬೇರೆ ಇರಲಿಲ್ಲ. ಅವತ್ತಿನ ಪಾಠ ಅಮೆರಿಕದ ಲೇಖಕ ಅರ್ನೆಸ್ಟ್ ಹೆಮಿಂಗ್ವೆಯ ‘ಕ್ಯಾಟ್ ಇನ್ ದ ರೈನ್’, 1925ರ ‘ಇನ್ ಅವರ್ ಟೈಮ್’ ಸಂಕಲನದ ಪುಟ್ಟ ಕಥೆ.

ಇಟಲಿಯ ಹೋಟೆಲಿನಲ್ಲಿ ಅಮೆರಿಕದ ಗಂಡ ಹೆಂಡತಿ. ಹೊರಗೆ ಮಳೆ. ಜಾರ್ಜ್ ಹಾಸಿಗೆ ಮೇಲೆ ಪುಸ್ತಕ ಓದುತ್ತ ಬಿದ್ದುಕೊಂಡಿದ್ದಾನೆ. ಕಿಟಕಿಯ ಕೆಳಗೆ, ನೀರು ತೊಟ್ಟಿಕ್ಕುವ ಹಸಿರು ಮೇಜಿನಡಿ ಮುದುಡಿ ಕೂತ ಬೆಕ್ಕು ಹೆಂಡತಿಯ ಕಣ್ಣಿಗೆ ಬೀಳುತ್ತದೆ. ತರಲು ಹೋದರೆ ಅದು ಅಲ್ಲಿಲ್ಲ. ಬೆಕ್ಕು ಎಂದರೆ ಅವಳು ಬಯಸಿದ ಮಗು, ಮಳೆ ಎಂದರೆ ತಣ್ಣಗಾದ ದಾಂಪತ್ಯ ಅಂತ ಹದಿನಾಲ್ಕು ವರ್ಷದಿಂದ ನೋಟ್ಸ್ ಬರೆಸುತ್ತ ಬಂದಿದ್ದೆ. ಹತ್ತು ಮಾರ್ಕಿನ ಪ್ರಶ್ನೆಗೆ ಅಷ್ಟು ಸಾಕು.

ಆವತ್ತು ಕಥೆ ಓದಲು ಹಿಂದಿನ ಬೆಂಚಿನ ಒಬ್ಬರನ್ನು ಎಬ್ಬಿಸಿದೆ. ಹಾಜರಿ ಪುಸ್ತಕದಲ್ಲಿರುವುದು ಹುಡುಗನ ಹೆಸರು. ನಾನಿಲ್ಲಿ ‘ಅವನು’ ಎಂದೂ ಬರೆಯಲಾರೆ, ‘ಅವಳು’ ಎಂದೂ ಬರೆಯಲಾರೆ. ಅದನ್ನು ಹೇಳಬೇಕಾದವರು ನಾನಲ್ಲ. ನಾವು ಮೇಷ್ಟರುಗಳು ಎಲ್ಲರನ್ನೂ ಕರೆಯುವಂತೆ ‘ಆ ಮಗು’ ಎನ್ನುತ್ತೇನೆ.

ಬೆಕ್ಕು ಸಿಗದೆ ವಾಪಸು ಬಂದ ಹೆಂಡತಿ ಕನ್ನಡಿ ಮುಂದೆ ಕೂರುತ್ತಾಳೆ. ಕೂದಲು ಬೆಳೆಸಲಾ ಎಂದು ಗಂಡನನ್ನು ಕೇಳುತ್ತಾಳೆ. ಈಗಿರುವುದೇ ನನಗಿಷ್ಟ ಎನ್ನುತ್ತಾನೆ ಅವನು. ಅದಕ್ಕೆ ಅವಳ ಉತ್ತರ: ಹುಡುಗನ ಹಾಗೆ ಕಾಣಿಸೋದು ನನಗೆ ಸಾಕಾಗಿಹೋಗಿದೆ.

ಅಲ್ಲಿಗೆ ಬಂದು ಆ ಮಗುವಿನ ದನಿ ನಿಂತಿತು. ಮತ್ತೆ ಅದೇ ಸಾಲನ್ನು ಮೊದಲಿನಿಂದ ಓದಿತು. ಬೆರಳು ಆ ಸಾಲಿನ ಕೆಳಗೇ ಇತ್ತು. ಯಾರೋ ಕಿಸಕ್ಕೆಂದರು. ನಾನು ಗಾಬರಿಯಲ್ಲಿ “ಹೂಂ, ಮುಂದೆ ಓದು” ಅಂದುಬಿಟ್ಟೆ. ನಗುವವರನ್ನು ಗದರಿಸಬೇಕಿತ್ತು, ಗದರಿಸಲಿಲ್ಲ.

ಕ್ಲಾಸು ಮುಗಿದ ಮೇಲೆ ಆ ಮಗು ಮೇಜಿನ ಹತ್ತಿರ ಬಂದು ನಿಂತಿತು. “ಮೇಡಂ, ಆ ಸಾಲಿನ ಬಗ್ಗೆ ನೋಟ್ಸಲ್ಲಿ ಏನೂ ಬರೆಸಲಿಲ್ಲವಲ್ಲ?”

ಉತ್ತರ ನನ್ನಲ್ಲಿರಲಿಲ್ಲ.

ರಾತ್ರಿ ಊಟ ಮುಗಿಸಿ ಕಥೆಯನ್ನು ಮತ್ತೆ ಮತ್ತೆ ಓದಿದೆ. ಗಂಡನಿಗೆ ಹೆಸರಿದೆ, ಅವಳಿಗಿಲ್ಲ. ಕೋಣೆಯೊಳಗೆ ಅವಳು ‘ಹೆಂಡತಿ’. ಮಳೆಗಿಳಿದು ಕೊಡೆಯ ಕೆಳಗೆ ನಿಂತಾಗ ‘ಹುಡುಗಿ’ ಆಗುತ್ತಾಳೆ. ಕೋಣೆಗೆ ಮರಳಿದ ಮೇಲೆ ಮತ್ತೆ ‘ಹೆಂಡತಿ’. ಒಂದೇ ಒಂದು ಪದ ಬದಲಾಗುತ್ತದೆ, ಇಷ್ಟು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವಳಿಗೆ ಬೇಕಿರುವುದು ಬೆಕ್ಕೊಂದೇ ಅಲ್ಲ. ಕೂದಲನ್ನು ನುಣುಪಾಗಿ ಬಿಗಿದು ಹಿಂದಕ್ಕೆ ಕಟ್ಟಬೇಕು, ಕೈಗೆ ಸಿಗುವಂಥ ದೊಡ್ಡ ತುರುಬು ಬೇಕು. ಕನ್ನಡಿಯಲ್ಲಿ ಕಂಡರೆ ಸಾಲದು, ಮುಟ್ಟಿದರೆ ಸಿಗಬೇಕು. ನಾನು ಕಲಿಸಿದ ‘ಮಗುವಿನ ಬಯಕೆ’ಯಲ್ಲಿ ಈ ತುರುಬಿಗೆ ಜಾಗವೇ ಇರಲಿಲ್ಲ.

ಗೂಳಿಕಾಳಗ, ಬೇಟೆ, ಯುದ್ಧ, ಕುಡಿತ, ಅಂದರೆ ‘ಗಂಡಸರ ಲೇಖಕ’ ಎಂದೇ ನನಗೂ ಹೆಮಿಂಗ್ವೆಯನ್ನು ಪಾಠ ಮಾಡಿದ್ದರು. ಅದೇ ಮನುಷ್ಯ ಜೀವನವಿಡೀ ಕೂದಲ ಬಗ್ಗೆ ಬರೆದಿದ್ದಾನೆ. 1926ರ ‘ದ ಸನ್ ಆಲ್ಸೋ ರೈಸಸ್’ನ ಬ್ರೆಟ್ ಹುಡುಗನ ಹಾಗೆ ಕೂದಲು ಹಿಂದಕ್ಕೆ ಬಾಚುತ್ತಾಳೆ, ಅವಳನ್ನು ಪ್ರೀತಿಸುವ ಜೇಕ್ ಯುದ್ಧದ ಗಾಯದಿಂದ ದೇಹಸಂಬಂಧದ ಶಕ್ತಿ ಕಳೆದುಕೊಂಡವನು. 1929ರ ‘ಎ ಫೇರ್‌ವೆಲ್ ಟು ಆರ್ಮ್ಸ್’ನ ಕ್ಯಾಥರೀನ್, ನೀನು ಸ್ವಲ್ಪ ಬೆಳೆಸು, ನಾನು ಕತ್ತರಿಸುತ್ತೇನೆ, ಇಬ್ಬರೂ ಒಂದೇ ಥರ ಆಗೋಣ ಎನ್ನುತ್ತಾಳೆ. 1946ರಲ್ಲಿ ಶುರುಮಾಡಿ, 1961ರಲ್ಲಿ ತಾನು ತೀರಿಕೊಳ್ಳುವವರೆಗೂ ಮುಗಿಸದೆ ಬಿಟ್ಟ ‘ದ ಗಾರ್ಡನ್ ಆಫ್ ಈಡನ್’ನಲ್ಲಂತೂ ಹೊಸದಾಗಿ ಮದುವೆಯಾದ ಇನ್ನೊಬ್ಬ ಕ್ಯಾಥರೀನ್ ಹುಡುಗನಂತೆ ಕೂದಲು ಕತ್ತರಿಸಿಕೊಂಡು ಬಂದು, ರಾತ್ರಿ ಗಂಡನಿಗೆ ತನ್ನ ಹೆಸರಿಟ್ಟು, ತಾನು ಪೀಟರ್ ಆಗುತ್ತಾಳೆ. ಈ ಕಾದಂಬರಿ 1986ರಲ್ಲಿ, ಹಸ್ತಪ್ರತಿಯ ಬಹುಭಾಗ ಕತ್ತರಿಸಿಕೊಂಡು ಅಚ್ಚಾಯಿತು. ಮುಕ್ಕಾದ ರೂಪದಲ್ಲೂ ಅದು ನಡುಗಿಸುತ್ತದೆ.

ಶಿಕಾಗೋ ಪಕ್ಕದ ಓಕ್ ಪಾರ್ಕಿನ ಮನೆಯಲ್ಲಿ ಹೆಮಿಂಗ್ವೆಯ ತಾಯಿ ಗ್ರೇಸ್, ಪುಟ್ಟ ಅರ್ನೆಸ್ಟನಿಗೂ ಒಂದೂವರೆ ವರ್ಷ ದೊಡ್ಡ ಅಕ್ಕ ಮಾರ್ಸೆಲಿನ್‌ಗೂ ಒಂದೇ ಥರದ ಉಡುಪು ಹಾಕಿ ಅವಳಿಗಳಂತೆ ಬೆಳೆಸಿದ್ದಳು. ಎಲ್ಲದಕ್ಕೂ ಅದೇ ಕಾರಣ ಎನ್ನುವವರಿದ್ದಾರೆ. ನನಗೆ ಅಷ್ಟು ಸುಲಭದ ಲೆಕ್ಕ ಒಪ್ಪಿಗೆಯಾಗುವುದಿಲ್ಲ. ಎದೆ ಹಿಂಡಿದ್ದು ಅವನ ಕಿರಿಯ ಮಗುವಿನ ಕಥೆ. ಗ್ರೆಗರಿ ಎಂದು ಹೆಸರಿಟ್ಟ ಆ ಜೀವ ಮುಂದೆ ಗ್ಲೋರಿಯಾ ಆಗಿ ಬಾಳಲು ಹೆಣಗಾಡಿ, 2001ರಲ್ಲಿ ಮಯಾಮಿಯ ಹೆಂಗಸರ ಜೈಲಿನಲ್ಲಿ ಪ್ರಾಣಬಿಟ್ಟಿತು. ಅಪ್ಪ ಮಗುವಿನ ನಡುವಿನ ಮಾತು ಬಹಳ ಮೊದಲೇ ಮುರಿದಿತ್ತು. ಕಾಗದದ ಮೇಲೆ ಪೀಟರನನ್ನು ಕಲ್ಪಿಸಿಕೊಳ್ಳಬಲ್ಲವನು ಮನೆಯೊಳಗಿನ ಗ್ಲೋರಿಯಾಳನ್ನು ಹತ್ತಿರ ಕರೆಯಲಾರದೆ ಹೋದ ಎಂಬುದು ಆ ರಾತ್ರಿ ನನ್ನನ್ನು ಮಲಗಗೊಡಲಿಲ್ಲ.

ಮರುದಿನ ತರಗತಿಯಲ್ಲಿ ಮೊದಲ ಮಾತಾಗಿ ಹೇಳಿದೆ: “ನಿನ್ನೆ ನಾನು ಬರೆಸಿದ ನೋಟ್ಸು ಅರ್ಧ ಮಾತ್ರ. ಒಬ್ಬರು ಕೇಳಿದ ಪ್ರಶ್ನೆಯಿಂದ ಗೊತ್ತಾಯಿತು.” ಹೆಸರು ಹೇಳಲಿಲ್ಲ. ಕಥೆಯನ್ನು ಪಾತ್ರ ಹಂಚಿಕೊಂಡು ಓದೋಣವೇ ಎಂದೆ. ಹೆಂಡತಿಯ ಮಾತು ಯಾರು ಓದುತ್ತೀರಿ ಎನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಆ ಮಗು ಕೈ ಎತ್ತಿತು. ಜಾರ್ಜ್ ಆಗಲು ಎದ್ದುನಿಂತವನು, ನಿನ್ನೆ ನಕ್ಕವನಿರಬಹುದೆಂದು ನನಗೆ ಅನುಮಾನವಿದ್ದ ಹುಡುಗ.

ಈ ಸಲ ಸಾಲು ತಡೆಯಲಿಲ್ಲ. ಹುಡುಗನ ಹಾಗೆ ಕಾಣಿಸೋದು ಸಾಕಾಗಿದೆ ಎಂಬುದನ್ನೂ ತುರುಬಿನ ಆಸೆಯನ್ನೂ ಆ ಮಗು ಒಂದೇ ಉಸಿರಿನಲ್ಲಿ ಓದಿತು. ಎಡಗೈ ತಾನೇ ತಾನಾಗಿ ಕತ್ತಿನ ಹಿಂದಕ್ಕೆ ಹೋಗಿತ್ತು. ಯಾರೂ ನಗಲಿಲ್ಲ.

ಮುಂದೆ ಜಾರ್ಜನ ಸರದಿ. ಸಾಕು ಬಾಯಿ ಮುಚ್ಚು, ಏನಾದರೂ ಓದು ಎಂದು ಹೆಂಡತಿಯ ಮೇಲೆ ಸಿಡುಕುವ ಮಾತು. ಹುಡುಗ ಪುಸ್ತಕದಿಂದ ತಲೆಯೆತ್ತಿ ಒಮ್ಮೆ ಹಿಂದಿನ ಬೆಂಚಿನತ್ತ ನೋಡಿದ. ಆಮೇಲೆ ಆ ಸಾಲನ್ನು ಬಹಳ ಮೆಲ್ಲಗೆ ಓದಿದ.