ಆಷಾಢದ ಗಾಳಿಯಲ್ಲಿ ಚಿತ್ರದುರ್ಗಕ್ಕೆ ಹೋಗಿ ಬಂದದ್ದು

"ಆಷಾಢದ ಗಾಳೀಲಿ ಯಾರಾದ್ರೂ ಸೈಕಲ್ ತುಳೀತಾರೇನೋ?" ಅಂತ ಅಮ್ಮ ಕೇಳಿದ್ದರು. ನಾನು ನಕ್ಕು ಸುಮ್ಮನಾಗಿದ್ದೆ. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಹೋಗಿ ವಾಪಸ್ ಬರುವ ಬ್ರೆವೆ ಅದು, ಅಂದರೆ ಗೊತ್ತುಮಾಡಿದ ಟೈಮ್ ಒಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. 400 ಕಿ.ಮೀ., 27 ಗಂಟೆ. ರೇಸ್ ಅಲ್ಲ. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಬೆಲೆ ಒಂದೇ, ಟೈಮ್ ಒಳಗೆ ಬಂದಿರಬೇಕು ಅಷ್ಟೆ. ಪಂಕ್ಚರ್ ಆದರೆ ನಾವೇ ಹಾಕಿಕೊಳ್ಳಬೇಕು. ರಾತ್ರಿಗೆ ಲೈಟು, ಹೊಳೆಯುವ ಜಾಕೆಟ್ಟು ಕಡ್ಡಾಯ.

ನಾಲ್ಕು ತಿಂಗಳು ತಯಾರಿ ಮಾಡಿದ್ದೆ. ಶನಿವಾರ ನೂರು ಕಿ.ಮೀ., ಭಾನುವಾರ ಅದೇ ಸುಸ್ತಾದ ಕಾಲಲ್ಲಿ ನಂದಿಬೆಟ್ಟ. 200, 300 ಕಿ.ಮೀ. ಬ್ರೆವೆ ಎರಡೂ ಮುಗಿದಿದ್ದವು. ನಿಜ ಹೇಳಬೇಕೆಂದರೆ ಕಾಲಿಗಿಂತ ಜಾಸ್ತಿ ತಯಾರಿ ಬೇಕಾದ್ದು ಕೂರುವ ಜಾಗಕ್ಕೆ. ಪ್ಯಾಡ್ ಇರುವ ಚಡ್ಡಿಯೊಳಗೆ ಇನ್ನೊಂದು ಚಡ್ಡಿ ಹಾಕಬಾರದು ಅನ್ನೋದನ್ನ ನಾನು ಮೊದಲ 200ರಲ್ಲಿ ಚರ್ಮ ಸುಲಿಸಿಕೊಂಡು ಕಲಿತವನು.

ಬೆಳಿಗ್ಗೆ 6ಕ್ಕೆ ಹೊರಟೆವು. ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ. ಅಲ್ಲಿವರೆಗೆ ಎಲ್ಲ ಚೆನ್ನಾಗಿತ್ತು. ಶಿರಾ ದಾಟಿದ ಮೇಲೆ ಗಾಳಿ ಸಿಕ್ಕಿತು. ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕು, ಬಿಟ್ಟರೆ ಸೈಕಲ್ ನಿಂತೇ ಹೋಗುತ್ತಿತ್ತು. ಪಕ್ಕದಲ್ಲಿ ಲಾರಿ ಹೋದರೆ ಒಂದು ಕ್ಷಣ ಗಾಳಿ ಮರೆಯಾಗಿ, ಮತ್ತೆ ಎದೆಗೆ ಗುದ್ದುತ್ತಿತ್ತು. ದುರ್ಗದ ಬೆಟ್ಟದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನೆಟ್ಟಿಲ್ಲ ಅಂತ ಆವತ್ತು ಅರ್ಥವಾಯಿತು.

ನಾನು ಮಾಡಿದ ತಪ್ಪು ಒಂದೇ. ತಲೆ ತಗ್ಗಿಸಿ ತುಳಿಯುವ ಹಟದಲ್ಲಿ ಮೂರು ಗಂಟೆ ಏನೂ ತಿನ್ನಲಿಲ್ಲ. ಜೇಬಿನಲ್ಲಿ ಕಡಲೆ ಚಿಕ್ಕಿ ಇತ್ತು, ತೆಗೆಯಲು ಒಂದು ಕೈ ಬಿಡಬೇಕಲ್ಲ ಅಂತ ಸೋಮಾರಿತನ. ಹಿರಿಯೂರು ಬಿಟ್ಟು ಸ್ವಲ್ಪ ದೂರಕ್ಕೆ ಕೈ ನಡುಗತೊಡಗಿತು. ಬಿಸಿಲಲ್ಲೇ ಚಳಿ. ಕಿಲೋಮೀಟರ್ ಕಲ್ಲು ನೋಡಿದರೂ ಇನ್ನೆಷ್ಟು ಉಳಿದಿದೆ ಅಂತ ಕಳೆಯಲು ಬರುತ್ತಿರಲಿಲ್ಲ. ವಿಚಿತ್ರ ಅಂದರೆ ಆಗ ಹಸಿವೇ ಇರುವುದಿಲ್ಲ. ಯಾರ ಮೇಲೋ ಸಿಟ್ಟು ಬರುತ್ತದೆ, ಅಷ್ಟೆ.

ರಸ್ತೆ ಬದಿಯ ಚಹಾ ಅಂಗಡಿಯಲ್ಲಿ ಕುಸಿದೆ. ಸಕ್ಕರೆ ಜಾಸ್ತಿ ಹಾಕಿಸಿ ಎರಡು ಟೀ, ನಾಲ್ಕು ಬಾಳೆಹಣ್ಣು, ಆ ಚಿಕ್ಕಿ. ಬೀಡಿ ಸೇದುತ್ತಿದ್ದ ಅಜ್ಜ ನನ್ನನ್ನೂ ಸೈಕಲ್ಲನ್ನೂ ನೋಡಿ ಕೇಳಿದರು: "ಬೆಂಗ್ಳೂರಿಂದ ತುಳ್ಕಂಡ್ ಬಂದ್ಯಾ? ಯಾಕಪ್ಪ, ಬಸ್ ಚಾರ್ಜಿಗೆ ದುಡ್ಡಿರ್ಲಿಲ್ವಾ?" ಉತ್ತರ ಹೊಳೆಯಲಿಲ್ಲ. ಕಾಲು ಗಂಟೆಯಲ್ಲಿ ಕೈ ನಡುಕ ನಿಂತಿತು.

200ನೇ ಕಿ.ಮೀ.ಗೆ ಇದ್ದ ಕಂಟ್ರೋಲ್, ಅಂದರೆ ಬಂದದ್ದಕ್ಕೆ ನಮ್ಮ ಕಾರ್ಡಿಗೆ ಸೀಲು ಹಾಕುವ ಜಾಗ, ಮುಚ್ಚುವುದು ಸಂಜೆ 7:20ಕ್ಕೆ. ಗಂಟೆಗೆ 15 ಕಿ.ಮೀ. ಲೆಕ್ಕ. ನಾನು ಮುಟ್ಟಿದ್ದು 7:02ಕ್ಕೆ. ಕಾರ್ಡಿಗೆ ಸೀಲು ಬಿತ್ತು. ಅಲ್ಲೇ ಅನ್ನ ಸಾರು ತಿಂದೆ, ಬೇಡ ಅನ್ನಿಸಿದರೂ ಇನ್ನೊಂದು ಸಲ ಬಡಿಸಿಕೊಂಡೆ.

ವಾಪಸ್ ಬರುವಾಗ ಗಾಳಿ ಬೆನ್ನಿಗಿತ್ತು. ಹಿರಿಯೂರಿನಿಂದ ಬೆಂಗಳೂರಿನ ಕಡೆಗೆ ರಸ್ತೆ ಮೆಲ್ಲಗೆ ಏರುತ್ತಾ ಹೋಗುತ್ತದೆ. ಕಾರಿನಲ್ಲಿ ಕೂತವರಿಗೆ ಗೊತ್ತೇ ಆಗಲ್ಲ, ನಮ್ಮ ಮಂಡಿಗೆ ಗೊತ್ತಾಗುತ್ತದೆ. ಪ್ರತಿ ಅರ್ಧ ಗಂಟೆಗೊಮ್ಮೆ ಫೋನ್ ಅಲಾರಂ ಹೊಡೆಯುತ್ತಿತ್ತು, ಹೊಡೆದಾಗಲೆಲ್ಲ ಏನಾದರೂ ಬಾಯಿಗೆ ಹಾಕಿಕೊಂಡೆ. ಶಿರಾ ದಾಟಿದ ಮೇಲೆ ನಿದ್ದೆ ಹಿಡಿಯಿತು. ಲೈಟಿನ ಬೆಳಕಲ್ಲಿ ರಸ್ತೆಯಂಚಿನ ಬಿಳಿ ಪಟ್ಟಿ ಹಾವಿನ ಥರ ಹೊರಳುತ್ತಿತ್ತು. ಒಂದು ಸಲ ಕಣ್ಣು ಬಿಟ್ಟಾಗ ಮುಂದಿನ ಚಕ್ರ ಮಣ್ಣಿಗಿಳಿದಿತ್ತು. ಹೆದರಿ ಪೆಟ್ರೋಲ್ ಬಂಕಿಗೆ ತಿರುಗಿಸಿದೆ. ಗಾಳಿ ಹೊಡೆಯುವ ಹುಡುಗ ಏನೂ ಕೇಳದೆ ಒಂದು ರಟ್ಟಿನ ಡಬ್ಬ ಬಿಚ್ಚಿ ಹಾಸಿದ. ಇಪ್ಪತ್ತು ನಿಮಿಷ. ಅಂಥ ನಿದ್ದೆ ಮನೆಯ ಹಾಸಿಗೆಯಲ್ಲಿ ಯಾವತ್ತೂ ಬಂದಿಲ್ಲ.

ಮುಗಿಸಿದಾಗ ಬೆಳಿಗ್ಗೆ 8:10. ಮನೆ ಬಾಗಿಲಲ್ಲಿ ಬೀಗದ ಕೈ ತೂರಿಸಿದೆ, ತಿರುಗಿಸಲು ಆಗಲಿಲ್ಲ. ಹ್ಯಾಂಡಲ್ ಒತ್ತಿ ಒತ್ತಿ ಉಂಗುರ ಬೆರಳು, ಕಿರುಬೆರಳು ಎರಡೂ ಜೋಮು ಹಿಡಿದಿದ್ದವು. ಮೊಣಕೈಯಿಂದ ಬೆಲ್ ಒತ್ತಿದೆ. ಅಮ್ಮ ಬಾಗಿಲು ತೆಗೆದು ಮೇಲಿಂದ ಕೆಳಗೆ ನೋಡಿದರು.

"ಗಾಳಿ ಇತ್ತಾ?"

"ಸ್ವಲ್ಪ" ಅಂದೆ.