ಬಿಳಿ ಗಂಟಲು ನಾನೇ ಮಾಡಿದ್ದು

ಸ್ವಿಫ್ಟ್ ನೋಡ್ಲಿಕ್ಕೆ ನಮ್ಮ ಕಾಸರಗೋಡಿನ ಪೊಸಡಿಗುಂಪೆಗೆ ಹೋಗ್ತೇನೆ ಅಂದ್ರೆ ಮನೆಯಲ್ಲಿ ಕೇಳಿದ್ದು ‘ಗುಡ್ಡೆ ಮೇಲೆ ಶೋರೂಮ್ ಯಾವಾಗ ಆದದ್ದು’ ಅಂತ. ಕಾರಲ್ಲ ಮಾರಾಯ್ರೆ, ಬಾನಾಡಿ ಹಕ್ಕಿ.

ನಮ್ಮ ಕಡೆ ಎರಡು ಜಾತಿ ದಿನಾ ಕಾಣ್ತದೆ. ದೇವಸ್ಥಾನ, ಶಾಲೆಯ ಹಳೇ ಬಿಲ್ಡಿಂಗು, ಸೇತುವೆ ಅಡಿ ಇಲ್ಲೆಲ್ಲ ಗಿರಗಿರ ಸುತ್ತುವುದು ಮನೆ ಬಾನಾಡಿ, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಮಲಯಾಳದಲ್ಲಿ ಅದಕ್ಕೆ ಅಂಬಲಂಚುಟ್ಟಿ, ಅಂಬಲ ಅಂದ್ರೆ ದೇವಸ್ಥಾನ ಸುತ್ತುವುದು ಅಂತ, ಇದಕ್ಕಿಂತ ಒಳ್ಳೆ ಹೆಸರು ನನಗೆ ಗೊತ್ತಿಲ್ಲ. ಇನ್ನೊಂದು ತಾಳೆ ಬಾನಾಡಿ, ಸಪೂರ, ನಮ್ಮ ಅಡಿಕೆ ತೋಟದ ಮೇಲೆಯೇ ಇರ್ತದೆ. ಒಮ್ಮೆ ಗಾಳಿಗೆ ಬಿದ್ದ ತಾಳೆ ಗರಿಯ ಅಡಿಯಲ್ಲಿ ಅದರ ಗೂಡು ಸಿಕ್ಕಿತ್ತು, ಗೂಡು ಅಂದ್ರೆ ಎಂತ, ಪುಕ್ಕ ಮತ್ತೆ ಹತ್ತಿಯಂಥದ್ದು ಎಂತದೋ, ಎಲ್ಲ ಜೊಲ್ಲಲ್ಲಿ ಅಂಟಿಸಿದ್ದು, ಉಗುರಲ್ಲಿ ಕೆರೆದ್ರೂ ಬರ್ಲಿಲ್ಲ.

ಕರೆಂಟು ವಯರಲ್ಲಿ ಸಾಲಾಗಿ ಕೂತದ್ದು ಕಂಡ್ರೆ ಅದು ಕವಲುತೋಕೆ, ಬಾನಾಡಿ ಅಲ್ಲವೇ ಅಲ್ಲ. ಬಾನಾಡಿಗೆ ಹಾಗೆ ಕೂರ್ಲಿಕ್ಕೆ ಕಾಲೇ ಇಲ್ಲ, ಗೋಡೆಗೋ ಗರಿಗೋ ಕಚ್ಚಿಕೊಂಡು ನೇತಾಡ್ಲಿಕ್ಕೆ ಮಾತ್ರ ಆಗ್ತದೆ. ಯುರೋಪಿನ ಕಾಮನ್ ಸ್ವಿಫ್ಟ್ 10 ತಿಂಗಳು ನೆಲ ಮುಟ್ಟದೆ ಹಾರ್ತದೆ ಅಂತ ಸ್ವೀಡನ್ನಿನ ಲುಂಡ್ ಯೂನಿವರ್ಸಿಟಿಯವರು 2016ರಲ್ಲಿ ತೋರಿಸಿಕೊಟ್ಟಿದ್ದಾರೆ.

ವಿಷಯಕ್ಕೆ ಬರ್ತೇನೆ. ಕಳೆದ ವರ್ಷ ತುಲಾ ತಿಂಗಳು, ಮಳೆ ಈಗಷ್ಟೇ ಬಿಟ್ಟಿತ್ತು, ಗುಂಪೆಯ ಹುಲ್ಲಿನಿಂದ ರೆಕ್ಕೆಹುಳ ಏಳ್ತಾ ಇತ್ತು, ನಾನು ಛತ್ರಿ ಮಡಚ್ತಾ ಇದ್ದೆ, ಅಡಿಕೆ ಗೊನೆ ಹಗ್ಗದಲ್ಲಿ ಜಾರಿ ಇಳಿಯುವಾಗ ಸುಂಯ್ ಅಂತ ಬರ್ತದಲ್ಲ, ಅದೇ ಶಬ್ದ ತಲೆಯ ಮೇಲೆಯೇ ಬಂತು. ತಿರುಗಿ ನೋಡುವಾಗ ಹಕ್ಕಿ ಬಾಯಾರು ಕಡೆ ದಾಟಿ ಆಗಿತ್ತು. ದಪ್ಪ ಮೈ, ಗಿಡ್ಡ ಬಾಲ, ಕಪ್ಪು. ಪುನಃ ಎರಡು ಸುತ್ತು ಬಂತು, 43 ಫೋಟೋ ತೆಗೆದೆ, 39ರಲ್ಲಿ ಬರೀ ಮೋಡ.

ಉಳಿದದ್ದರಲ್ಲಿ ಒಂದನ್ನು ಅಲ್ಲಿಯೇ ಕಲ್ಲಿನ ಮೇಲೆ ಕೂತು ಮೊಬೈಲಲ್ಲಿ ಬೆಳಗಿಸಿದೆ. ಬಾಲದ ಅಡಿ ಬಿಳಿ ವಿ ಆಕಾರ ಚೆಂದ ಕಂಡಿತು, ನೀಡಲ್‌ಟೇಲ್ ಗ್ಯಾರಂಟಿ, ಬಾಲದ ತುದಿಯಲ್ಲಿ ಸೂಜಿಯಂಥ ಮುಳ್ಳಿರುವ ದೊಡ್ಡ ಬಾನಾಡಿ. ಇನ್ನೂ ಸ್ವಲ್ಪ ಬೆಳಗಿಸಿದೆ, ಗಂಟಲೂ ಬಿಳಿ! ವೈಟ್ ಥ್ರೋಟೆಡ್ ನೀಡಲ್‌ಟೇಲ್, ಸೈಬೀರಿಯಾ ಕಡೆಯಿಂದ ಆಸ್ಟ್ರೇಲಿಯಾಕ್ಕೆ ಹೋಗುವಂಥದ್ದು. 2013ರಲ್ಲಿ ಒಂದು ದಾರಿ ತಪ್ಪಿ ಸ್ಕಾಟ್ಲೆಂಡಿನ ಹ್ಯಾರಿಸ್ ದ್ವೀಪಕ್ಕೆ ಹೋಗಿ, ನೋಡ್ಲಿಕ್ಕೆ ಬಂದವರ ಕಣ್ಣೆದುರೇ ಗಾಳಿಯಂತ್ರಕ್ಕೆ ಬಡಿದು ಸತ್ತಿತ್ತು ಪಾಪ. ಅಲ್ಲಿಗೆ ಹೋಗುವ ಹಕ್ಕಿ ಪೈವಳಿಕೆಗೆ ಬರಬಾರದಾ ಅಂತ ನನ್ನ ಲೆಕ್ಕ. ಹಕ್ಕಿ ನೋಡುವವರ ಗ್ರೂಪಿಗೆ ಹಾಕಿಯೇ ಬಿಟ್ಟೆ.

ಐದು ನಿಮಿಷಕ್ಕೆ ನಮ್ಮ ಮಾಷ್ಟ್ರ ಫೋನು. ‘ಹೊಟ್ಟೆ ಬಿಳಿ ಉಂಟನಾ?’ ಇಲ್ಲ ಮಾಷ್ಟ್ರೇ. ‘ಹಾಗಾದ್ರೆ ಬಿಳಿ ಹೊಟ್ಟೆಯ ಆಲ್ಪೈನ್ ಸ್ವಿಫ್ಟ್ ಅಲ್ಲ, ಸರಿ. ಈಗ ಹೇಳು, ಬ್ರೈಟ್‌ನೆಸ್ ಎಷ್ಟು ಏರಿಸಿದ್ದಿ? ಒರಿಜಿನಲ್ ಕಳ್ಸು.’

ಕಳಿಸಿದೆ. ಒರಿಜಿನಲಲ್ಲಿ ಗಂಟಲು ಮಾಸಿದ ಕಂದು, ಎದೆ ಎಲ್ಲಿ ಶುರು ಅಂತಲೂ ಗೊತ್ತಾಗುದಿಲ್ಲ. ವೈಟ್ ಥ್ರೋಟೆಡ್ ಆದ್ರೆ ಕರವಸ್ತ್ರ ಕಟ್ಟಿದ ಹಾಗೆ ಗಡಿ ಎದ್ದು ಕಾಣಬೇಕು. ವಿ ಆಕಾರ ಅದಕ್ಕೂ ಉಂಟು, ನಮ್ಮ ಘಟ್ಟದ ಬ್ರೌನ್ ಬ್ಯಾಕ್ಡ್ ನೀಡಲ್‌ಟೇಲಿಗೂ ಉಂಟು, ಅದನ್ನು ನಂಬಿ ಪ್ರಯೋಜನ ಇಲ್ಲ. ಕಣ್ಣು ಕೊಕ್ಕಿನ ಮಧ್ಯ ಸಣ್ಣ ಬಿಳಿ ಚುಕ್ಕೆ ಇತ್ತು, ಅದು ಬ್ರೌನ್ ಬ್ಯಾಕ್ಡಿಗೂ ಇರ್ತದೆ, ನಾನು ಕಂಡದ್ದು ಅದನ್ನೇ. ದೊಡ್ಡ ಮರದ ಪೊಟರೆಯಲ್ಲಿ ಗೂಡು ಮಾಡುವ ಕಾಡಿನ ಹಕ್ಕಿ, ಗುಂಪೆಯವರೆಗೆ ಬಂದದ್ದು ಆ ರೆಕ್ಕೆಹುಳಕ್ಕೇ ಇರ್ಬೇಕು. ನನಗೆ ಅದೂ ಮೊದಲ ಸಲ, ಆದ್ರೆ ಖುಷಿ ಪಡ್ಲಿಕ್ಕೆ ಆ ದಿನ ಮುಖ ಇರ್ಲಿಲ್ಲ.

ಡಿಲೀಟ್ ಮಾಡುವಷ್ಟರಲ್ಲಿ ಯಾರೋ ಬೇರೆ ಗ್ರೂಪಿಗೆ ದಾಟಿಸಿ ಆಗಿತ್ತು. ಈಗ ಪೆರ್ಲ ಪೇಟೆಯಲ್ಲಿ ಸಿಕ್ಕಿದ್ರೂ ಮಾಷ್ಟ್ರು ಕೇಳುವುದು ‘ಏನು ಬಿಳಿಗಂಟಲೇ, ಚಾ ಆಯ್ತಾ’ ಅಂತ. ಮೊನ್ನೆ ಇಬ್ಬರೂ ಒಟ್ಟಿಗೆ ಹೋಗಿದ್ದೆವು. ಅಂಬಲಂಚುಟ್ಟಿ 12, ಮತ್ತೆ ಬರೀ ಮಂಜು.