ಹಲ್ಲಿನ ಡಾಕ್ಟರ ತೊಟ್ಟಿಯಲ್ಲಿ ಕಚ್ಚುವ ಮೀನು

ನನ್ನದು ಅಕ್ವೇರಿಯಂ ನೋಡಿಕೊಳ್ಳುವ ಕೆಲಸ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಎರಡು ಬಕೆಟ್, ಹೆಗಲ ಚೀಲದಲ್ಲಿ ಪೈಪು, ಬಲೆ, ಸ್ಪಾಂಜು. ರಾಜಾಜಿನಗರ, ಬಸವೇಶ್ವರನಗರ, ಮಲ್ಲೇಶ್ವರ ಸುತ್ತುವುದು. ಹದಿನೈದು ದಿನಕ್ಕೊಮ್ಮೆ ಹೋಗಿ ಒಂದಷ್ಟು ನೀರು ತೆಗೆದು ಹೊಸದು ಹಾಕಿ, ಗಾಜು ಒರೆಸಿ, ಮೀನು ಎಣಿಸಿ ಬರುತ್ತೇನೆ. ಎಣಿಸುವುದು ಮೊದಲು ನನ್ನ ಅಭ್ಯಾಸವಾಗಿರಲಿಲ್ಲ. ಅದು ಹೇಗೆ ಬಂತು ಅಂತ ಬರೆಯುತ್ತಿದ್ದೇನೆ.

ಕೆಲಸ ಹಿಡಿದ ಎರಡನೇ ವರ್ಷ ಒಂದು ಹಲ್ಲಿನ ಕ್ಲಿನಿಕ್ ಸಿಕ್ಕಿತು. ಕಾಯುವ ಹಾಲಿನಲ್ಲಿ ಮೂರಡಿ ತೊಟ್ಟಿ, ಸುಮಾರು 150 ಲೀಟರ್. ಮಕ್ಕಳು ಅಳದೆ ಕೂರಬೇಕು, ಓಡಾಡುವ ಮೀನು ಹಾಕಿ ಅಂದರು ಡಾಕ್ಟರಮ್ಮ. ನಾನು ಆರು ಟೈಗರ್ ಬಾರ್ಬ್ ಹಾಕಿದೆ. ಹಳದಿ ಮೈ, ನಾಲ್ಕು ಕಪ್ಪು ಪಟ್ಟೆ, ಒಂದು ನಿಮಿಷ ಸುಮ್ನೆ ನಿಲ್ಲದ ಮೀನು. ಜೊತೆಗೆ ಎರಡು ಏಂಜಲ್. ಯಾಕೆ ಅಂದರೆ ಅವಕ್ಕೂ ಪಟ್ಟೆ ಇತ್ತು. ಪಟ್ಟೆಗೆ ಪಟ್ಟೆ ಮ್ಯಾಚ್ ಆಗುತ್ತೆ ಅಂತ ನಾನೇ ಹೇಳಿದ್ದು. ಸೀರೆಗೆ ಬ್ಲೌಸ್ ಆರಿಸಿದ ಹಾಗೆ ಮೀನು ಆರಿಸಿದ್ದೆ.

ಎರಡು ವಾರಕ್ಕೆ ಏಂಜಲ್‌ಗಳ ಹೊಟ್ಟೆಯ ಕೆಳಗಿನ ಉದ್ದನೆಯ ಎಳೆಗಳು ಮೋಟಾದವು. ಬಾಲ ಹಳೇ ಪೊರಕೆಯ ಹಾಗೆ ಕಿತ್ತುಹೋಗಿತ್ತು. 'ನಿಮ್ಮ ಮೀನು ಕಚ್ಚುತ್ತೆ, ಅದೂ ಹಲ್ಲಿನ ಕ್ಲಿನಿಕ್ಕಿನಲ್ಲಿ' ಅಂತ ಡಾಕ್ಟರಮ್ಮ ನಗುತ್ತಲೇ ಹೇಳಿದರು. ಅವರು ಒಂದು ಮೀನನ್ನು ಗುರುತು ಹಿಡಿದಿದ್ದರು. ಎಲ್ಲಕ್ಕಿಂತ ದಪ್ಪದ್ದು, ಮೂತಿ ಕೆಂಪಗಿದ್ದದ್ದು. 'ಆ ರೌಡಿಯನ್ನು ತೆಗೆಯಿರಿ.'

ತೆಗೆದೆ. ಗಿರಾಕಿ ಕೇಳಿದ್ದನ್ನು ಮಾಡುವುದೇ ಸರ್ವಿಸ್ ಅಂದುಕೊಂಡಿದ್ದ ಕಾಲ ಅದು. ಮುಂದಿನ ಸಲ ಹೋದಾಗ ಎರಡನೇ ದಪ್ಪದ್ದು ರೌಡಿಯಾಗಿತ್ತು. ಅದನ್ನೂ ತೆಗೆದೆ. ಆಮೇಲೆ ಮೂರನೆಯದು. ಆರು ಹೋಗಿ ಮೂರಾಯಿತು. ಉಳಿದ ಮೂರು ಏಂಜಲ್‌ಗಳನ್ನು ಬಿಟ್ಟು ತಮ್ಮತಮ್ಮಲ್ಲೇ ಶುರು ಮಾಡಿದವು. ಎಲ್ಲಕ್ಕಿಂತ ಸಣ್ಣದು ಫಿಲ್ಟರಿನ ಹಿಂದೆ ಸೇರಿಕೊಂಡು ಊಟಕ್ಕೂ ಹೊರಗೆ ಬರುತ್ತಿರಲಿಲ್ಲ.

ಈಗ ನೆನೆದರೆ ನಾಚಿಕೆಯಾಗುವುದು ಬೇರೆ ವಿಷಯಕ್ಕೆ. ತೆಗೆದ ಮೂರೂ ರೌಡಿಗಳನ್ನು ನಾನು ನನ್ನ ಮನೆಯ ತೊಟ್ಟಿಗೆ ಬಿಟ್ಟಿದ್ದೆ. ಅಲ್ಲಿ ಆಗಲೇ ಒಂಬತ್ತು ಟೈಗರ್ ಬಾರ್ಬ್ ಇದ್ದವು. ಮೊದಲ ರೌಡಿ ಒಂದು ಗಂಟೆ ಅತ್ತಿತ್ತ ನುಗ್ಗಿತು. ಸಂಜೆಗೆ ಅದು ಯಾವುದು ಅಂತ ನನಗೇ ಗುರುತು ಸಿಗಲಿಲ್ಲ. ಎರಡನೆಯದೂ ಅಷ್ಟೇ, ಮೂರನೆಯದೂ ಅಷ್ಟೇ. ಉತ್ತರ ನನ್ನ ಊಟದ ಮೇಜಿನ ಪಕ್ಕದಲ್ಲೇ ಈಜಾಡುತ್ತಿತ್ತು. ದಿನಾ ಅದಕ್ಕೆ ಊಟ ಹಾಕುತ್ತಿದ್ದೆ. ನೋಡುತ್ತಿರಲಿಲ್ಲ.

ಶಿವಾಜಿನಗರದಲ್ಲಿ ನಾನು ಮೀನು ತರುವ ಒಂದು ಅಂಗಡಿ ಇದೆ. ಅಲ್ಲಿನ ಹಿರಿಯರಿಗೆ ಈ ಕಥೆ ಹೇಳಿದೆ. ಅವರು ಕವರಿಗೆ ಗಾಳಿ ತುಂಬುತ್ತಾ ತಲೆಯೆತ್ತದೆ ಅಂದರು: 'ಒಬ್ಬ ರೌಡೀನ ಒಳಗೆ ಹಾಕಿದ್ರೆ ಏರಿಯಾ ಖಾಲಿ ಇರುತ್ತಾ? ಇನ್ನೊಬ್ಬ ಬರ್ತಾನೆ. ಕಡಿಮೆ ಮಾಡಬೇಡಪ್ಪ, ಜಾಸ್ತಿ ಮಾಡು.' ವ್ಯಾಪಾರದ ಮಾತು ಅಂತ ನನಗೆ ಅನುಮಾನ ಬಂತು. ಆದರೂ ಮನೆಯ ತೊಟ್ಟಿ ನೆನಪಾಯಿತು. ಒಂಬತ್ತು ಮೀನು ಕೊಂಡೆ.

ಇಲ್ಲಿ ಎರಡನೇ ತಪ್ಪು. ಮೊದಲನೆಯದಕ್ಕಿಂತ ದೊಡ್ಡದು.

ಶನಿವಾರ ಮಧ್ಯಾಹ್ನ ಒಂಬತ್ತನ್ನೂ ಒಟ್ಟಿಗೆ ಬಿಟ್ಟೆ. ಹೊಸ ಮೀನು ಬಂದಿವೆ, ತೊಟ್ಟಿ ಫಳಫಳ ಇರಲಿ ಅಂತ ಅದೇ ದಿನ ಫಿಲ್ಟರಿನ ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ಹಿಂಡಿ ತೊಳೆದೆ. ಸೋಮವಾರ ಬೆಳಗ್ಗೆ ಫೋನ್ ಬಂತು. ಎಲ್ಲವೂ ಮೇಲೆ ಬಂದು ಬಾಯಿ ಬಿಡುತ್ತಿವೆ ಅಂತ. ನಾನು ಹೋಗುವಷ್ಟರಲ್ಲಿ ಎರಡು ಹೋಗಿದ್ದವು. ಉಳಿದವುಗಳ ಕಿವಿರು ಕೆಂಪಾಗಿತ್ತು.

ಆದದ್ದು ಇಷ್ಟು. ಮೀನು ಕಿವಿರಿನಿಂದ ಅಮೋನಿಯ ಬಿಡುತ್ತದೆ. ಅದು ಅದಕ್ಕೇ ವಿಷ. ಫಿಲ್ಟರಿನಲ್ಲಿ ನೆಲೆ ಮಾಡಿಕೊಂಡ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಬೇರೆ ಬ್ಯಾಕ್ಟೀರಿಯಾ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಕೊನೆಯದು ಅಷ್ಟು ಅಪಾಯವಲ್ಲ, ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಸಂಸಾರ ಪೂರ್ತಿ ಕುದುರಲು ಹೊಸ ತೊಟ್ಟಿಯಲ್ಲಿ ನಾಲ್ಕರಿಂದ ಆರು ವಾರ ಬೇಕು. ಮೂರು ಬಾರ್ಬು, ಎರಡು ಏಂಜಲ್ಲಿಗೆ ಆಗುವಷ್ಟಿದ್ದ ಸಂಸಾರದ ಮೇಲೆ ನಾನು ಒಂದೇ ದಿನ ಒಂಬತ್ತು ನೆಂಟರನ್ನು ತಂದು ಕೂರಿಸಿದೆ. ಸಾಲದ್ದಕ್ಕೆ ಅಡುಗೆಯವರನ್ನೇ ನಲ್ಲಿ ಕೆಳಗೆ ಹಿಂಡಿ ತೊಳೆದು ಕಳಿಸಿದ್ದೆ. ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಬಕೆಟ್‌ನಲ್ಲಿ ಎರಡು ಸಲ ಅದ್ದಿ ತೆಗೆದರೆ ಸಾಕು. ಕೊಳೆ ಅಂತ ಕಾಣುವುದರಲ್ಲೇ ಕೆಲಸಗಾರರೂ ಇರುತ್ತಾರೆ.

ಇನ್ನೊಂದು ವಿಷಯವೂ ಸೇರಿಕೊಂಡಿತ್ತು. ಆ ತಿಂಗಳು ಆ ಬಿಲ್ಡಿಂಗಿನ ಸಂಪಿನೊಳಗೆ ಹೆಚ್ಚಾಗಿ ಟ್ಯಾಂಕರ್ ನೀರು ಬೀಳುತ್ತಿತ್ತು, ಬೋರ್‌ವೆಲ್ಲಿನದು. ತೊಟ್ಟಿ ನೀರಿನ ಪಿಎಚ್, ಅಂದರೆ ನೀರು ಎಷ್ಟು ಆಮ್ಲ ಎಷ್ಟು ಕ್ಷಾರ ಅನ್ನುವ ಅಳತೆ, ನೋಡಿದರೆ 8 ದಾಟಿತ್ತು. ಅಮೋನಿಯ ಅಷ್ಟೇ ಇದ್ದರೂ ಪಿಎಚ್ 7ರಲ್ಲಿ ಇರುವುದಕ್ಕಿಂತ 8ರಲ್ಲಿ ಅದರ ವಿಷದ ಭಾಗ ಹತ್ತಿರ ಹತ್ತಿರ ಹತ್ತು ಪಟ್ಟು. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರು ಮೀನಿಗಿಂತ ಮೊದಲು ನೀರಿನ ಊರು ಕೇಳಬೇಕು. ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಏರಿ ಬರುತ್ತದೆ. ಬೋರ್ ನೀರಿನಷ್ಟು ಗಡಸಲ್ಲ, ಆದರೆ ಕ್ಲೋರಿನ್ ಇರುತ್ತದೆ. ಬೋರ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಆದರೆ ಗಾಜಿನ ಮೇಲೆ ಬಿಳಿ ಗೆರೆ ಬಿಡುವಷ್ಟು ಸುಣ್ಣ. ಒಂದೇ ಮನೆಯಲ್ಲಿ ಈ ವಾರ ಅದು, ಮುಂದಿನ ವಾರ ಇದು. 2024ರ ಬೇಸಿಗೆಯಲ್ಲಿ ಎಷ್ಟೋ ಮನೆಗಳಲ್ಲಿ ನಾನು ನೀರನ್ನೇ ಬದಲಿಸಲಿಲ್ಲ. ಕುಡಿಯಲು ನೀರಿಲ್ಲದ ಮನೆಯಲ್ಲಿ ಮೀನಿಗೆ ಎರಡು ಬಕೆಟ್ ಕೊಡಿ ಅಂತ ಯಾವ ಬಾಯಲ್ಲಿ ಕೇಳುವುದು? ಊಟ ಕಡಿಮೆ ಮಾಡಿ ಅಂತ ಹೇಳಿ ಬರುತ್ತಿದ್ದೆ.

ಸೋಮವಾರದ ಮಾತಿಗೆ ಬರುತ್ತೇನೆ. ಅರ್ಧ ನೀರು ಬದಲಿಸಿದೆ. ಮೂರು ದಿನ ಊಟ ಬಂದ್ ಅಂದೆ. ಸ್ಕೂಟರಿನಲ್ಲಿ ಮನೆಗೆ ಹೋಗಿ ನನ್ನ ತೊಟ್ಟಿಯ ಹಳೇ ಸ್ಪಾಂಜನ್ನು ನೀರು ಸೋರುತ್ತಿದ್ದ ಹಾಗೇ ಕವರಿಗೆ ಹಾಕಿಕೊಂಡು ಬಂದು ಅಲ್ಲಿನ ಫಿಲ್ಟರಿಗೆ ತುರುಕಿದೆ. ಕುದುರಿದ ಸಂಸಾರವನ್ನೇ ಹೊತ್ತು ತಂದ ಹಾಗೆ. ಏಂಜಲ್‌ಗಳನ್ನು ನನ್ನ ಇನ್ನೊಂದು ತೊಟ್ಟಿಗೆ ಒಯ್ದೆ. ಇದನ್ನು ಮೊದಲೇ ಮಾಡಬೇಕಿತ್ತು. ಬಾರ್ಬ್ ಎಷ್ಟೇ ಜಾಸ್ತಿ ಇರಲಿ, ಉದ್ದ ರೆಕ್ಕೆಯ ನಿಧಾನದ ಮೀನು ಎದುರಿಗೆ ತೇಲುತ್ತಿದ್ದರೆ ಅವಕ್ಕೆ ಬಾಯಿ ಕಡಿಯುತ್ತದೆ. ಏಂಜಲ್, ಗೌರಾಮಿ, ಗಪ್ಪಿ, ಮೂರನ್ನೂ ಟೈಗರ್ ಜೊತೆ ಹಾಕಬೇಡಿ.

ಗುರುವಾರಕ್ಕೆ ತೊಟ್ಟಿ ಸುಧಾರಿಸಿತು. ಹತ್ತು ಬಾರ್ಬ್ ಉಳಿದವು. ತಿಂಗಳಾದ ಮೇಲೆ ಡಾಕ್ಟರಮ್ಮ 'ಈಗ ರೌಡಿ ಯಾವುದು?' ಅಂದರು. ಇಬ್ಬರೂ ಗಾಜಿನ ಮುಂದೆ ನಿಂತು ಹುಡುಕಿದೆವು. ಸಿಗಲಿಲ್ಲ.

ಹೀಗೇಕೆ ಅಂತ ನನಗೆ ನಿಜವಾಗಿ ಹೊಳೆದದ್ದು ತೊಟ್ಟಿಯ ಮುಂದೆ ಅಲ್ಲ. ಅದೇ ವರ್ಷ ಮನೆಯವರ ಜೊತೆ ಸುಬ್ರಹ್ಮಣ್ಯಕ್ಕೆ ಹೋಗಿದ್ದೆ. ಕುಮಾರಧಾರೆಯಲ್ಲಿ ಕಾಲಿಟ್ಟು ಕೂತರೆ ಸಣ್ಣ ಮೀನು ಬಂದು ಕಾಲಿಗೆ ಮುತ್ತುತ್ತವೆ, ಅಲ್ವಾ? ಬಗ್ಗಿ ನೋಡಿದರೆ ಬಾಲದ ಹತ್ತಿರ ಒಂದು ಕಪ್ಪು ಮಚ್ಚೆ. ದೊಡ್ಡ ಗಂಡುಗಳ ಬೆನ್ನಿನ ರೆಕ್ಕೆಯಿಂದ ದಾರದ ಹಾಗೆ ಎಳೆಗಳು. ಫಿಲಮೆಂಟ್ ಬಾರ್ಬ್! ಅಂಗಡಿಯಲ್ಲಿ ಕವರಿನಲ್ಲಿ ನೋಡುವ ಮೀನು ನಮ್ಮದೇ ಘಟ್ಟದ ಹೊಳೆಯಲ್ಲಿ ಬಿಟ್ಟಿ ಓಡಾಡುತ್ತಿತ್ತು. ನಮ್ಮಜ್ಜಿ ಇಂಥ ಸಣ್ಣ ಮೀನಿಗೆಲ್ಲ ಪಕ್ಕೆ ಅನ್ನುತ್ತಿದ್ದರು. ಪಕ್ಕೆ ಅಂದರೆ ಸಾರಿಗೆ, ಬಾರ್ಬ್ ಅಂದರೆ ಶೋಕಿಗೆ. ಮೀನಿನ ಜಾತಿ ಒಂದೇ.

ಅರ್ಧ ಗಂಟೆ ಅಲ್ಲೇ ಕೂತೆ. ಅವೂ ಜಗಳವಾಡುತ್ತಿದ್ದವು. ಒಂದು ಇನ್ನೊಂದನ್ನು ಅಟ್ಟುತ್ತದೆ. ಅಟ್ಟಿಸಿಕೊಂಡದ್ದು ಎರಡಡಿ ಓಡಿ ಗುಂಪಿನೊಳಗೆ ಮಾಯ. ಅಟ್ಟಿದ್ದಕ್ಕೆ ಯಾರನ್ನು ಅಟ್ಟುತ್ತಿದ್ದೆ ಅಂತ ಮರೆತುಹೋಗಿ ಅಲ್ಲೇ ಪಾಚಿ ಕುಟುಕಲು ಶುರು. ಮತ್ತೆ ಐದು ನಿಮಿಷಕ್ಕೆ ಇನ್ಯಾರದೋ ಸರದಿ. ಜಗಳ ಇತ್ತು, ಆದರೆ ಅದು ಒಬ್ಬರ ಮೇಲೆ ನಿಲ್ಲುತ್ತಿರಲಿಲ್ಲ. ನನ್ನ ಮೂರಡಿ ಗಾಜಿನೊಳಗೆ ಮೂರೇ ಮೀನಿದ್ದಾಗ ಓಡಿದ್ದಕ್ಕೆ ಸೇರಿಕೊಳ್ಳಲು ಗುಂಪು ಎಲ್ಲಿತ್ತು? ಅಟ್ಟಿದ್ದಕ್ಕೆ ಮರೆಯಲು ಅವಕಾಶ ಎಲ್ಲಿತ್ತು? ಟೈಗರ್ ಬಾರ್ಬ್ ಸುಮಾತ್ರಾದ ತೊರೆಯ ಮೀನು, ನಮ್ಮ ಅಂಗಡಿಗೆ ಬರುವುದು ಫಾರಂನಲ್ಲಿ ಹುಟ್ಟಿದ್ದು. ಹೊಳೆ ಕಾಣದಿದ್ದರೂ ಹೊಳೆಯ ಬುದ್ಧಿ ಹೋಗಿಲ್ಲ.

ಆಮೇಲೆ ಈ ಮೀನುಗಳ ಬಗ್ಗೆ ಸಿಕ್ಕಿದ್ದೆಲ್ಲ ಓದತೊಡಗಿದೆ. ಒಂದು ಸಂಗತಿ ಹೇಳಲೇಬೇಕು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನುವ ಸ್ಕಾಟ್ಲೆಂಡಿನ ಡಾಕ್ಟರು ಮೈಸೂರು ಸೀಮೆ ಸುತ್ತಲು ಬಂದಿದ್ದರು. ಬೆಂಗಳೂರಿನ ತೋಟಗಳನ್ನೂ ನೋಡಿ ಬರೆದಿದ್ದಾರೆ. ಅವರೇ 1822ರಲ್ಲಿ ಗಂಗೆಯ ಮೀನುಗಳ ದೊಡ್ಡ ಪುಸ್ತಕ ತಂದರು. ನಾವು ಮಾರುವ ರೋಸಿ ಬಾರ್ಬಿಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದು ಅದರಲ್ಲೇ. ಅವರಿಗಾಗಿ ಮೀನಿನ ಚಿತ್ರ ಬರೆದವನು ಹಾಲುದಾರ್ ಅನ್ನುವ ಬಂಗಾಳಿ ಹುಡುಗ. ಬಹುಕಾಲ ಅವನ ಹೆಸರು ಹೆಚ್ಚು ಜನರ ಬಾಯಲ್ಲಿ ಇರಲಿಲ್ಲ. 2013ರಲ್ಲಿ ಶ್ರೀಲಂಕಾದ ಮೀನು ವಿಜ್ಞಾನಿ ರೋಹನ್ ಪೆತಿಯಗೋಡ ಅವರು ಪಶ್ಚಿಮ ಘಟ್ಟದ ಮೆಲನ್ ಬಾರ್ಬ್ ಇರುವ ಕುಲಕ್ಕೆ ಹಾಲುದಾರಿಯಾ ಅಂತ ಹೆಸರಿಟ್ಟರು. ಕೈಕೆಲಸದವನ ಹೆಸರಿನ ಮೀನು! ನಾನು ಮೆಲನ್ ಬಾರ್ಬ್ ಕೊಡುವಾಗಲೆಲ್ಲ ಈ ಕಥೆ ಹೇಳುತ್ತೇನೆ. ಗಿರಾಕಿಗಳಿಗೆ ಬೇಜಾರಾಗುತ್ತದೆ, ಆದರೂ ಹೇಳುತ್ತೇನೆ.

ಈಗ ಹೊಸ ಮನೆಗೆ ಹೋದರೆ ಯಾವ ಬಣ್ಣದ ಮೀನು ಬೇಕು ಅಂತ ಕೇಳುವುದು ಕೊನೆಗೆ. ಮೊದಲು ಸಂಪಿನ ನೀರು ಯಾವುದು, ತೊಟ್ಟಿ ಉದ್ದ ಎಷ್ಟು. ಹೀಟರ್ ಇಲ್ಲ ಅಂದರೆ ರೋಸಿ ಬಾರ್ಬ್ ಅನ್ನುತ್ತೇನೆ. ಡಿಸೆಂಬರ್ ರಾತ್ರಿ ಇಲ್ಲಿ 15-16 ಡಿಗ್ರಿಗೆ ಇಳಿದರೂ ಅದು ತಡೆದುಕೊಳ್ಳುತ್ತದೆ, ಟೈಗರ್ ನಡುಗುತ್ತದೆ. ಯಾವ ಬಾರ್ಬ್ ಆದರೂ ಎಂಟಕ್ಕೆ ಕಡಿಮೆ ಕೊಡುವುದಿಲ್ಲ. ಆದರೆ ಒಂದೇ ಸಲ ಎಂಟೂ ಬಿಡುವುದಿಲ್ಲ. ನಾಲ್ಕು ಈಗ, ನಾಲ್ಕು ಎರಡು ವಾರ ಬಿಟ್ಟು. ಅಷ್ಟರವರೆಗೆ ಸ್ವಲ್ಪ ಜಗಳ ನೋಡಬೇಕಾಗುತ್ತೆ, ಫೋನ್ ಮಾಡಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ.

ಇದರಿಂದ ನಷ್ಟವೂ ಆಗಿದೆ. ಒಂದು ಆಫೀಸಿನವರು ರಿಸೆಪ್ಶನ್ ಮೇಜಿನ ಮೇಲಿನ ಒಂದೂವರೆ ಅಡಿ ಗಾಜಿನ ಡಬ್ಬಿಗೆ ಎರಡು ಮಿಸ್ ಕೇರಳ ಮೀನು ಬೇಕು ಅಂದರು. ಕೆಂಪು ಗೆರೆ, ಬಾಲದಲ್ಲಿ ಕಪ್ಪು ಹಳದಿ, ನೋಡಿದರೆ ಕಣ್ಣು ಕೀಳಲಾಗದು, ಒಪ್ಪುತ್ತೇನೆ. ಆದರೆ ಅದು ಸುಮಾರು 15 ಸೆಂಟಿಮೀಟರ್ ಬೆಳೆಯುತ್ತದೆ, ಹಿಂಡಿನಲ್ಲಿ ಇರಬೇಕು, ಹರಿಯುವ ನೀರಿನ ಮೀನು, ಮುಚ್ಚಳ ಇಲ್ಲದಿದ್ದರೆ ಹಾರಿ ಮೇಜಿನ ಮೇಲೆ ಬೀಳುತ್ತದೆ. ಮೀನುಗಳ ಬಗ್ಗೆ ಬರೆದ ಇಂಗ್ಲಿಷ್ ಡಾಕ್ಟರು ಫ್ರಾನ್ಸಿಸ್ ಡೇ 1865ರಲ್ಲಿ ಕೇರಳದ ಮುಂಡಕ್ಕಯಂ ಕಡೆಯ ಈ ಮೀನಿಗೆ ಮದರಾಸಿನ ಗವರ್ನರ್ ಡೆನಿಸನ್ ಹೆಸರಿಟ್ಟರು. ನೂರಕ್ಕೂ ಹೆಚ್ಚು ವರ್ಷ ಹೆಚ್ಚು ಜನ ಕೇಳದ ಮೀನು, 1990ರ ದಶಕದ ಕೊನೆಯಿಂದ ಹೊರದೇಶದ ಶೋಕಿಗೆ ಸಿಕ್ಕಿ ಹೊಳೆಯಲ್ಲಿ ಕಡಿಮೆಯಾಗಿ, ಇವತ್ತು ಅಳಿವಿನಂಚಿನ ಪಟ್ಟಿಯಲ್ಲಿದೆ. ಇದನ್ನೆಲ್ಲ ಹೇಳಿದೆ. ಅವರು ನಯವಾಗಿ ಕೇಳಿದರು, ಕೆಲಸ ಬೇರೆಯವರಿಗೆ ಕೊಟ್ಟರು. ಹೋಗಲಿ.

ಹಲ್ಲಿನ ಕ್ಲಿನಿಕ್ ಇನ್ನೂ ನನ್ನ ಬಳಿಯೇ ಇದೆ. ಹೋದ ವಾರ ಅಲ್ಲಿ ಕೆನ್ನೆ ಊದಿಸಿಕೊಂಡು ಹತ್ತಿ ಕಚ್ಚಿ ಕೂತಿದ್ದ ಒಬ್ಬ ಹುಡುಗ ಗಾಜಿಗೆ ಮೂಗು ಒತ್ತಿ ಮೀನಿನ ಬಾಯನ್ನೇ ನೋಡುತ್ತಿದ್ದ. ಬಾಯಿ ಬಿಡಲಾಗದೆ ಬೆರಳಿನಲ್ಲಿ ತನ್ನ ಹಲ್ಲು ತೋರಿಸಿ, ಮೀನಿನ ಕಡೆ ತೋರಿಸಿದ. ಇದರ ಹಲ್ಲೆಲ್ಲಿ ಅಂತ. ಬಾರ್ಬಿನ ದವಡೆಯಲ್ಲಿ ಹಲ್ಲೇ ಇಲ್ಲ, ಇರುವುದು ಗಂಟಲಿನಲ್ಲಿ ಅಂದೆ. ಒಳಗಿನಿಂದ ಡಾಕ್ಟರಮ್ಮ ಗ್ಲೌಸ್ ಹಾಕಿದ ಕೈ ಮೇಲೆತ್ತಿಕೊಂಡೇ ಹೊರಗೆ ಬಂದರು. 'ಗಂಟಲಿನಲ್ಲಾ? ಇಷ್ಟು ವರ್ಷ ನನಗೆ ಹೇಳೇ ಇಲ್ಲ!' ಅಂದರು. ಅವನು ಆಗಲೇ ಎಣಿಸಲು ಶುರು ಮಾಡಿದ್ದ. ಎರಡು ಸಲ ತಪ್ಪಿತು. ಮೂರನೇ ಸಲಕ್ಕೆ ಹತ್ತು ಬೆರಳು ಎತ್ತಿ ತೋರಿಸಿದ.